ನಾಳೆಯ ಮತ: ಥೆರೇಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದಕ್ಕೆ ನಮ್ಮ ಸಂಸದರು ಹೂಂ ಅನ್ನಬೇಕೋ, ಊಹೂಂ ಅನ್ನಬೇಕೋ?

ರೆಡಿಂಗ್ ರಾಯ · 28 ಮಾರ್ಚ್ 2019, ಸಂಜೆ 7:42

ಬ್ರಿಟನ್ ಯೂರೋಪಿಯನ್ ಒಕ್ಕೂಟ ಬಿಟ್ಟು ಹೊರಬರೋದಕ್ಕೆ ಪ್ರಧಾನಿ ಥೆರೇಸಾ ಮೇ ಮಾಡ್ಕೊಂಡು ಬಂದ ಒಪ್ಪಂದ ನಾಳೆ ಮಧ್ಯಾಹ್ನ ಪಾರ್ಲಿಮೆಂಟಿನ ಕೆಳಮನೆ ಕಾಮನ್ಸ್‌ನಲ್ಲಿ ಮೂರನೇ ಸಲ ಮತಕ್ಕೆ ಬರ್ತಿದೆ. ಜನವರಿ 15ಕ್ಕೆ 432–202ರಲ್ಲಿ ಬಿತ್ತು. ಮಾರ್ಚ್ 12ಕ್ಕೆ 391–242ರಲ್ಲಿ ಬಿತ್ತು. ಅದೇ ಪ್ರಸ್ತಾಪವನ್ನ ಪದೇಪದೇ ತರೋ ಹಾಗಿಲ್ಲ ಅಂತ ಸ್ಪೀಕರ್ ಬರ್ಕೋ 1604ರ ಸಂಪ್ರದಾಯ ಹುಡುಕಿ ಮುಂದಿಟ್ಟರಲ್ಲ, ಅದಕ್ಕೆ ಈ ಸಲ 585 ಪುಟದ ನಿರ್ಗಮನ ಒಪ್ಪಂದವನ್ನಷ್ಟೇ ತರ್ತಿದ್ದಾರೆ. ಮುಂದಿನ ಸಂಬಂಧ ಹೇಗಿರುತ್ತೆ ಅನ್ನೋ 26 ಪುಟದ ರಾಜಕೀಯ ಘೋಷಣೆ ಪಕ್ಕಕ್ಕೆ ಹೋಗಿದೆ. ನಾಳೆ ಪಾಸಾದರೆ ಮೇ 22ಕ್ಕೆ ಹೊರಗೆ. ಇಲ್ಲದಿದ್ದರೆ ಏಪ್ರಿಲ್ 12ರ ಒಳಗೆ ಏನಾದರೂ ಹೇಳಬೇಕು, ಹೇಳದಿದ್ದರೆ ಒಪ್ಪಂದವೇ ಇಲ್ಲದೆ ಹೊರಗೆ.

ಇವತ್ತು ರಾತ್ರಿ ನಮ್ಮ ಸಂಸದರಿಗೆ ಇಮೇಲ್ ಬರೀತಿದ್ದೀನಿ. ನಾನು 2016ರ ಜನಮತಗಣನೆಯಲ್ಲಿ ರಿಮೇನ್‌ಗೆ, ಅಂದರೆ ಒಕ್ಕೂಟದಲ್ಲೇ ಉಳಿಯೋಣ ಅಂತ ಹಾಕಿದವನು. ಆದರೂ "ಹೌದು ಅಂತ ಹಾಕಿ" ಅಂತಲೇ ಬರೆಯೋ ಮನಸ್ಸಿದೆ. ನಿನ್ನೆ ರಾತ್ರಿ ನೋಡಿದಿರಲ್ಲ, ಈ ಒಪ್ಪಂದದ ಬದಲು ಎಂಟು ಆಯ್ಕೆ ಇಟ್ಟರು, ಎಂಟೂ ಸೋತವು. ಅತಿ ಹೆಚ್ಚು ಹೌದು ಸಿಕ್ಕಿದ್ದು ಎರಡನೇ ಜನಮತಗಣನೆಗೆ, 268. ಅದಕ್ಕೂ 295 ಜನ ಬೇಡ ಅಂದರು. ಈ ಸಭೆಯಲ್ಲಿ ಬೇಡ ಅನ್ನೋದಕ್ಕೆ ಮಾತ್ರ ಬಹುಮತ ಇದೆ. ಹಾಗಿರುವಾಗ ಕೈಯಲ್ಲಿರೋದನ್ನ ಯಾಕೆ ಬಿಡಬೇಕು? ನನ್ನ ತರ್ಕದಲ್ಲಿ ತೂತಿದ್ದರೆ ಇಮೇಲ್ ಕಳಿಸೋ ಮೊದಲೇ ತೋರಿಸಿ.

ಬಸವನಗುಡಿ ಬಾಲ್ಕನಿ · 28 ಮಾರ್ಚ್, ಸಂಜೆ 7:58

ಬೆಂಗಳೂರಿನಲ್ಲಿ ಕೂತು ನೋಡೋ ನಮಗೆ ತಲೆಬುಡ ಗೊತ್ತಾಗ್ತಿಲ್ಲ ರಾಯರೇ. ಜನವರಿ 15ಕ್ಕೆ ಪ್ರಧಾನಿಯ ಸ್ವಂತ ಪಕ್ಷದ 118 ಜನ ಅವರ ವಿರುದ್ಧ ಮತ ಹಾಕ್ತಾರೆ. ಮಾರನೇ ದಿನ ಅವಿಶ್ವಾಸ ಗೊತ್ತುವಳಿ ಬಂದರೆ ಅದೇ ಜನ ಬಂದು ಅವರನ್ನ ಉಳಿಸ್ತಾರೆ, 325–306! ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ 118 ಜನರೂ ಅನರ್ಹ, ಅರ್ಧ ಜನ ಬಿಡದಿ ರೆಸಾರ್ಟಿನಲ್ಲಿ, ಇನ್ನರ್ಧ ಮುಂಬೈ ಹೋಟೆಲಿನಲ್ಲಿ.

ಇನ್ನೂ ಒಂದು. ಒಪ್ಪಂದ ಪಾಸಾದರೆ ಹುದ್ದೆ ಬಿಡ್ತೀನಿ ಅಂತ ಆ ಯಮ್ಮ ನಿನ್ನೆ ಪಕ್ಷದವರಿಗೆ ಮಾತು ಕೊಟ್ಟಿದ್ದಾರಂತೆ. ಗೆದ್ದರೆ ರಾಜೀನಾಮೆ, ಸೋತರೆ ಮುಂದುವರಿಕೆ. ಇಂಥ ಆಫರ್ ನಮ್ಮ ವಿಧಾನಸೌಧದಲ್ಲೂ ಕೇಳಿರಲಿಲ್ಲ.

ಕಾನೂನು ಕಟ್ಟೆ · 28 ಮಾರ್ಚ್, ರಾತ್ರಿ 8:25

ಬಾಲ್ಕನಿಯವರೇ, ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಸಂವಿಧಾನದ ಹತ್ತನೇ ಪರಿಚ್ಛೇದದಂಥ ಪಕ್ಷಾಂತರ ನಿಷೇಧ ಕಾನೂನು ಇಲ್ಲ. ವಿಪ್ ಎಷ್ಟೇ ಕಟ್ಟುನಿಟ್ಟಾಗಿದ್ದರೂ, ಮೀರಿದವನನ್ನು ಪಕ್ಷದಿಂದ ಹೊರಗಿಡಬಹುದು, ಅಷ್ಟೆ. ಸ್ಥಾನ ಹೋಗುವುದಿಲ್ಲ. ನಮ್ಮಲ್ಲಿ 1985ರ ನಂತರ "ಸಂಸದ ಹೇಗೆ ಮತ ಹಾಕಬೇಕು" ಎಂಬ ಪ್ರಶ್ನೆಯೇ ಹೆಚ್ಚುಕಡಿಮೆ ಮುಗಿದುಹೋಗಿದೆ, ಪಕ್ಷ ಹೇಳಿದಂತೆ ಹಾಕಬೇಕು. ಇಲ್ಲಿ ಆ ಪ್ರಶ್ನೆಗೆ ಇನ್ನೂ ಜೀವ ಇದೆ, ಅದಕ್ಕೇ ರಾಯರು ಇಮೇಲ್ ಬರೆಯುವುದರಲ್ಲಿ ಅರ್ಥವಿದೆ.

ಈ ಮತ ನಡೆಯುತ್ತಿರುವುದೇ ಒಂದು ಬಂಡಾಯದ ಫಲ. 2017ರ ಡಿಸೆಂಬರಿನಲ್ಲಿ ಮೇ ಅವರ ಪಕ್ಷದವರೇ ಆದ ಡಾಮಿನಿಕ್ ಗ್ರೀವ್ ತಂದ ತಿದ್ದುಪಡಿ 309–305ರಲ್ಲಿ ಗೆದ್ದಿತು. ಆ ನಾಲ್ಕು ಮತಗಳಿಂದಾಗಿಯೇ ಒಪ್ಪಂದಕ್ಕೆ ಕಾಮನ್ಸ್ ಸಭೆಯ ಒಪ್ಪಿಗೆ ಬೇಕು ಎಂಬುದು ಕಾಯಿದೆಗೆ ಸೇರಿತು.

ಈಗ ಒಪ್ಪಂದದ ವಿಷಯ. ಬಹಳ ಜನ ಇದನ್ನು ವ್ಯಾಪಾರ ಒಪ್ಪಂದ ಎಂದುಕೊಂಡಿದ್ದಾರೆ. ಅಲ್ಲ. ಇದರಲ್ಲಿರುವುದು ಮುಖ್ಯವಾಗಿ ಮೂರು: ಇಲ್ಲಿರುವ ಮೂವತ್ತು ಲಕ್ಷಕ್ಕೂ ಹೆಚ್ಚು ಯೂರೋಪಿಯನ್ನರ ಹಾಗೂ ಅಲ್ಲಿರುವ ಬ್ರಿಟಿಷರ ಹಕ್ಕು, ಸುಮಾರು 39 ಶತಕೋಟಿ ಪೌಂಡಿನ ಬಾಕಿ ಚುಕ್ತಾ, ಐರ್ಲೆಂಡಿನ ಗಡಿ (ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲಿರುವ ಐರ್ಲೆಂಡ್ ದೇಶಕ್ಕೂ ನಡುವಿನದು). ಅದರ ಜೊತೆಗೆ 2020ರ ಡಿಸೆಂಬರ್ 31ರ ತನಕ ಈಗಿರುವಂತೆಯೇ ಮುಂದುವರಿಯುವ ಪರಿವರ್ತನಾ ಅವಧಿ. ಜಗಳವೆಲ್ಲ ಮೂರನೆಯದರ ಮೇಲೆ.

ಗಡಿ ಯಾಕೆ ತೊಡಕು ಅಂತ ಕೇಳುವವರಿಗೆ: 2017ಕ್ಕೆ ಮೊದಲು ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ನಿಲ್ಲುತ್ತಿದ್ದುದು ನೆನಪಿದೆಯಲ್ಲ? ಎರಡು ಕಡೆ ಎರಡು ತೆರಿಗೆ ಇತ್ತು, ಅದಕ್ಕೆ ನಡುವೆ ಚೆಕ್‌ಪೋಸ್ಟ್ ಇತ್ತು. ಜಿಎಸ್‌ಟಿ ಬಂತು, ಚೆಕ್‌ಪೋಸ್ಟ್ ಹೋಯಿತು. ಬ್ರಿಟನ್ ಈಗ ತನ್ನದೇ ಸುಂಕ, ತನ್ನದೇ ನಿಯಮ ಬೇಕು ಎನ್ನುತ್ತಿದೆ, ಆದರೆ ಐರ್ಲೆಂಡಿನ ಗಡಿಯಲ್ಲಿ ಚೆಕ್‌ಪೋಸ್ಟ್ ಬೇಡ ಎಂದೂ ಹೇಳುತ್ತಿದೆ. ಎರಡನ್ನೂ ಹೊಂದಿಸುವ ದಾರಿ ಸಿಗುವ ತನಕ ಇಡೀ ಬ್ರಿಟನ್ ಒಕ್ಕೂಟದ ಜೊತೆ ಒಂದೇ ಸುಂಕ ವಲಯದಲ್ಲಿರಲಿ, ಉತ್ತರ ಐರ್ಲೆಂಡ್ ಮಾತ್ರ ಒಕ್ಕೂಟದ ಸರಕಿನ ನಿಯಮಗಳನ್ನೂ ಪಾಲಿಸಲಿ ಎಂಬುದೇ ಬ್ಯಾಕ್‌ಸ್ಟಾಪ್.

ಹ್ಯಾರೋ ಹಿರಿಯ · 28 ಮಾರ್ಚ್, ರಾತ್ರಿ 9:03

ಕಾನೂನು ಕಟ್ಟೆಯವರು ಚೆನ್ನಾಗಿ ವಿವರಿಸಿದರು. ಒಂದನ್ನು ಮಾತ್ರ ಬಿಟ್ಟರು. ಆ ವ್ಯವಸ್ಥೆಗೆ ಒಳಗೆ ಹೋಗುವ ಬಾಗಿಲಿದೆ, ಹೊರಬರುವ ಬಾಗಿಲಿನ ಕೀಲಿ ನಮ್ಮೊಬ್ಬರ ಕೈಯಲ್ಲಿಲ್ಲ. ಇದು ನನ್ನ ಕಲ್ಪನೆಯಲ್ಲ. ಸರ್ಕಾರದ್ದೇ ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ನವೆಂಬರಿನಲ್ಲಿ ಬರೆದುಕೊಟ್ಟ ಸಲಹೆ. ಅದನ್ನು ಸರ್ಕಾರ ಬಚ್ಚಿಡಲು ನೋಡಿತು. ಸದನ ನಿಂದನೆಯ ನಿರ್ಣಯ ಅಂಗೀಕಾರವಾದ ಮೇಲೆ ಡಿಸೆಂಬರಿನಲ್ಲಿ ಪ್ರಕಟಿಸಬೇಕಾಯಿತು. ಈ ತಿಂಗಳು ಮೇ ಅವರು ಸ್ಟ್ರಾಸ್‌ಬರ್ಗಿಗೆ ಹಾರಿ ಒಕ್ಕೂಟದವರಿಂದ ಏನೋ ಕಾಗದ ತಂದರು. ಕಾನೂನಿನ ಅಪಾಯ ಇದ್ದ ಹಾಗೇ ಇದೆ ಎಂದು ಅದೇ ಕಾಕ್ಸ್ ಮತ್ತೆ ಹೇಳಿದರು.

ನಾನು ಈ ದೇಶಕ್ಕೆ ಬಂದದ್ದು ಎಪ್ಪತ್ತರ ದಶಕದಲ್ಲಿ. 1975ರ ಜನಮತದಲ್ಲಿ ಉಳಿಯೋಣ ಎಂದೇ ಹಾಕಿದ್ದೆ, ಆಗ ಅದಕ್ಕೆ ಸಾಮಾನ್ಯ ಮಾರುಕಟ್ಟೆ ಎನ್ನುತ್ತಿದ್ದರು. 2016ರಲ್ಲಿ ಲೀವ್‌ಗೆ ಹಾಕಿದೆ. 1.74 ಕೋಟಿ ಜನ ಹಾಕಿದರು. ಹೊರಗೆ ಬರುತ್ತೇವೆ ಎಂದು ಹೇಳಿ ನಿಯಮಗಳನ್ನು ಪಾಲಿಸುತ್ತಾ, ನಿಯಮ ಮಾಡುವ ಮೇಜಿನಲ್ಲಿ ಮಾತ್ರ ಕುರ್ಚಿ ಕಳೆದುಕೊಳ್ಳುವುದು ಯಾವ ಜಾಣತನ? ನಮ್ಮ ಸಂಸದರು ಬೇಡ ಎಂದೇ ಹಾಕಬೇಕು.

ಎಡಿನ್‌ಬರೋ ಎಂಟೆಕ್ · 28 ಮಾರ್ಚ್, ರಾತ್ರಿ 9:15

ಜೀವನದಲ್ಲಿ ಮೊದಲ ಸಲ ಹ್ಯಾರೋ ಅಂಕಲ್ ಜೊತೆ ಒಪ್ತಾ ಇದೀನಿ 😄 ಬೇಡ ಅಂತಲೇ ಹಾಕಬೇಕು. ಕಾರಣ ಮಾತ್ರ ಉಲ್ಟಾ.

ಸ್ಕಾಟ್ಲೆಂಡ್‌ನಲ್ಲಿ 62% ಜನ ಉಳಿಯೋಣ ಅಂದರು. ಯಾರೂ ಕೇಳಿಸ್ಕೊಳ್ಳಲಿಲ್ಲ. ಡಿಸೆಂಬರ್ 10ಕ್ಕೆ ಯೂರೋಪಿಯನ್ ಕೋರ್ಟ್ ಹೇಳಿದೆ, ಬ್ರಿಟನ್ ತಾನೊಬ್ಬನೇ ನಿರ್ಧಾರ ಮಾಡಿ ಒಕ್ಕೂಟ ಬಿಡ್ತೀವಿ ಅಂತ ಕೊಟ್ಟ 50ನೇ ವಿಧಿಯ ನೋಟಿಸ್ ವಾಪಸ್ ತಗೋಬಹುದು ಅಂತ. ವಾಪಸ್ ತಗೊಳ್ಳಿ ಅನ್ನೋ ಅರ್ಜಿಗೆ ಪಾರ್ಲಿಮೆಂಟ್ ವೆಬ್‌ಸೈಟ್‌ನಲ್ಲಿ ಐವತ್ತು ಲಕ್ಷ ಸಹಿ ದಾಟಿದೆ. ಕಳೆದ ಶನಿವಾರ ಎರಡನೇ ಜನಮತ ಬೇಕು ಅಂತ ಲಂಡನ್ ರಸ್ತೆ ತುಂಬ ಜನ. ಇಷ್ಟೆಲ್ಲ ಆಗಿರುವಾಗ ನಾಳೆ ಹೌದು ಅಂದುಬಿಟ್ಟರೆ ಆ ಬಾಗಿಲೇ ಮುಚ್ಚಿ ಹೋಗುತ್ತೆ ರಾಯರೇ. ನಿಮ್ಮಂಥ ರಿಮೇನ್ ಜನ ಸುಸ್ತಾಗಿ ಕೂತರೆ ಹೇಗೆ?

ನ್ಯೂರಿ ನರ್ಸ್ · 28 ಮಾರ್ಚ್, ರಾತ್ರಿ 10:10

ಡ್ಯೂಟಿ ಮುಗಿಸಿ ಬಂದು ಈಗ ಓದಿದೆ. ಬ್ಯಾಕ್‌ಸ್ಟಾಪ್ ಬ್ಯಾಕ್‌ಸ್ಟಾಪ್ ಅಂತ ಎಲ್ಲರೂ ಹೇಳ್ತೀರಲ್ಲ ಮಾರಾಯ್ರೆ, ಆ ಗಡಿ ನೋಡಿದವರು ಇಲ್ಲಿ ಎಷ್ಟು ಜನ ಉಂಟು?

ಉತ್ತರ ಐರ್ಲೆಂಡಿನ ನಮ್ಮ ನ್ಯೂರಿಯಿಂದ ಆಚೆ ಐರ್ಲೆಂಡಿನ ಡಂಡಾಕ್‌ಗೆ ಕಾರಲ್ಲಿ ಹೋಗುವಾಗ ಗಡಿ ಎಲ್ಲಿ ಬಂತು ಅಂತ ಗೊತ್ತೇ ಆಗುವುದಿಲ್ಲ. ರಸ್ತೆ ಅಂಚಿನ ಗೆರೆ ಹಳದಿ ಆಯ್ತು, ಸ್ಪೀಡ್ ಬೋರ್ಡಿನಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂತು ಅಂದ್ರೆ ಇನ್ನೊಂದು ದೇಶಕ್ಕೆ ಬಂದೆವು ಅಂತ ಲೆಕ್ಕ. ನಮ್ಮ ವಾರ್ಡಿನಲ್ಲಿ ಆ ಕಡೆಯಿಂದ ದಿನಾ ಬಂದು ಹೋಗುವವರಿದ್ದಾರೆ. ಸುಮಾರು 500 ಕಿಲೋಮೀಟರ್ ಗಡಿ, ಇನ್ನೂರಕ್ಕೂ ಹೆಚ್ಚು ಕಡೆ ರಸ್ತೆ ದಾಟ್ತದೆ. ಕೆಲವು ಹೊಲದ ನಡುವೆಯೇ ಹೋಗ್ತದೆ. ಇಲ್ಲಿಯ ಹಿರಿಯ ಸಿಸ್ಟರ್‌ಗಳು ಹೇಳ್ತಾರೆ, ಗುಡ್ಡದ ಮೇಲೆಲ್ಲ ಸೇನೆಯ ಕಾವಲು ಗೋಪುರ ಇತ್ತು, ಪ್ರತಿ ದಿನ ಕಾರು ನಿಲ್ಲಿಸಿ ಡಿಕ್ಕಿ ತೆಗೆಸ್ತಿದ್ರು ಅಂತ. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದ ಆದ ಮೇಲೆ ಅದೆಲ್ಲ ಹೋದದ್ದು. ಒಂದು ಕಸ್ಟಮ್ಸ್ ಕ್ಯಾಮೆರಾ ಕಂಬ ನೆಟ್ಟರೂ ಅದನ್ನು ಕೀಳುವವರು ಬರ್ತಾರೆ, ಕಂಬ ಕಾಯಲಿಕ್ಕೆ ಪೊಲೀಸರು ಬರ್ತಾರೆ, ಆಮೇಲೆ ಪೊಲೀಸರನ್ನು ಕಾಯಲಿಕ್ಕೆ ಸೇನೆ ಬರ್ತದೆ. ಇದು ಇಲ್ಲಿಯವರ ಹೆದರಿಕೆ, ಪುಸ್ತಕದ ಮಾತಲ್ಲ.

ನಮಗೆ ಆ ಗಡಿ ಈಗಲೂ ಉಂಟು ಅನ್ನುವುದು ಬೇರೆ ವಿಷಯ. ಇಂಡಿಯನ್ ಪಾಸ್‌ಪೋರ್ಟ್, ಬ್ರಿಟಿಷ್ ವರ್ಕ್ ವೀಸಾ ಇರುವವರು ಆಚೆ ಹೋಗಬೇಕಾದರೆ ಐರಿಶ್ ವೀಸಾ ಬೇರೆ ಬೇಕು. ಬಸ್ಸು ನಿಲ್ಲಿಸಿ ಕೇಳುವುದೂ ಉಂಟು, ಕೇಳುವುದು ನಮ್ಮಂಥ ಮುಖದವರನ್ನೇ ಹೆಚ್ಚು.

ಹ್ಯಾರೋ ಸರ್‌ಗೆ ಒಂದು ಮಾತು. ಇಲ್ಲಿಯ ಡಿಯುಪಿ ಪಕ್ಷದ 10 ಸಂಸದರು ಬೇಡ ಅಂತಾರೆ, ಅದಕ್ಕೆ ಉತ್ತರ ಐರ್ಲೆಂಡೇ ಬೇಡ ಅಂತದೆ ಅಂತ ಟಿವಿಯಲ್ಲಿ ಹೇಳ್ತಾರೆ. ಇಲ್ಲಿ 55.8% ಜನ ರಿಮೇನ್‌ಗೆ ಹಾಕಿದ್ದು. ಇನ್ನು, ಭೂಗಡಿಗೆ ತಾಗಿದ ಕ್ಷೇತ್ರಗಳೆಲ್ಲ ಐರ್ಲೆಂಡ್ ಒಂದಾಗಬೇಕು ಅನ್ನುವ ಶಿನ್ ಫೇನ್ ಪಕ್ಷದ ಕೈಯಲ್ಲಿ ಉಂಟು. ಅವರು ರಾಣಿಯ ಹೆಸರಲ್ಲಿ ಪ್ರಮಾಣ ಮಾಡುವುದಿಲ್ಲ ಅಂತ ವೆಸ್ಟ್‌ಮಿನ್‌ಸ್ಟರ್ ಪಾರ್ಲಿಮೆಂಟಲ್ಲಿ ಕೂರುವುದೇ ಇಲ್ಲ. ಹಾಗಾಗಿ ಗಡಿ ಬಗ್ಗೆ ನಾಳೆ ಮತ ಹಾಕುವ ಆರುನೂರು ಚಿಲ್ಲರೆ ಜನರಲ್ಲಿ ಗಡಿ ಊರಿನಿಂದ ಗೆದ್ದು ಬಂದವರು ಒಬ್ಬರೂ ಇಲ್ಲ. ನನಗೆ ಈ ಒಪ್ಪಂದ ಚಂದ ಅಂತ ಅಲ್ಲ. ಆದರೆ ಗಡಿಯನ್ನು ಹೀಗೇ ಬಿಡ್ತೇವೆ ಅಂತ ಬರೆದು ಕೊಟ್ಟ ಕಾಗದ ಸದ್ಯಕ್ಕೆ ಇದೊಂದೇ. ಹೌದು ಅಂತ ಹಾಕ್ಲಿ.

ರೆಡಿಂಗ್ ರಾಯ · 28 ಮಾರ್ಚ್, ರಾತ್ರಿ 10:31

ಸಿಸ್ಟರ್, ಬೇರೆ ಯಾರೂ ಹೇಳದೇ ಇರೋದನ್ನ ಹೇಳಿದಿರಿ. ಇಮೇಲ್‌ಗೆ ಸೇರಿಸ್ತೀನಿ.

ಈಗ ಹ್ಯಾರೋ ಸರ್ ಮತ್ತೆ ಎಂಟೆಕ್ ಇಬ್ಬರಿಗೂ. ಅಲ್ಲಿ ಮತ ಹಾಕೋದು ಅಂದರೆ ಬಟನ್ ಒತ್ತೋದಲ್ಲ. ಗಂಟೆ ಹೊಡೆಯುತ್ತೆ, ಎಂಟು ನಿಮಿಷದಲ್ಲಿ ಬಾಗಿಲು ಹಾಕ್ತಾರೆ. ಹೌದು ಅನ್ನೋರು ಸ್ಪೀಕರ್ ಬಲಗಡೆಯ ಪಡಸಾಲೆಗೆ, ಇಲ್ಲ ಅನ್ನೋರು ಎಡಗಡೆಯದಕ್ಕೆ ನಡೆದು ಹೋಗಬೇಕು, ತಲೆ ಎಣಿಸ್ತಾರೆ. ಜನವರಿಯಲ್ಲಿ ವಿರೋಧ ಪಕ್ಷ ಲೇಬರ್‌ನ ಸಂಸದೆ ಟ್ಯುಲಿಪ್ ಸಿದ್ದಿಕ್ ಸಿಸೇರಿಯನ್ ಮುಂದಕ್ಕೆ ಹಾಕಿಸಿ ವೀಲ್‌ಚೇರ್‌ನಲ್ಲಿ ಬಂದಿದ್ದು ಅದಕ್ಕೇ. ಪರವಾಗಿ ಇನ್ನೊಬ್ಬರು ಹಾಕೋ ಪ್ರಾಕ್ಸಿ ಮತ ಶುರುವಾಗಿದ್ದು ಆಮೇಲೆ. ನೀವಿಬ್ಬರೂ ಸಂಸದರಾಗಿದ್ದರೆ ನಾಳೆ ಒಂದೇ ಪಡಸಾಲೆಯಲ್ಲಿ ಭುಜಕ್ಕೆ ಭುಜ ತಾಗಿಸ್ಕೊಂಡು ನಡೀತೀರಿ. ಎಂಟೆಕ್‌ಗೆ ಇನ್ನೂ ಒಳಗೆ ಇರಬೇಕು, ಸರ್‌ಗೆ ಇನ್ನೂ ದೂರ ಹೋಗಬೇಕು. ಎಣಿಸೋರಿಗೆ ಇಬ್ಬರೂ ಒಂದೊಂದು ತಲೆ, ಅಷ್ಟೇ. ಆದರೆ ಮಾರನೇ ದಿನ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಪೂರ್ತಿ ಮೋಸ ಆಗಿರುತ್ತೆ. ಯಾರಿಗೆ ಅನ್ನೋದು ನನ್ನ ಪ್ರಶ್ನೆ.

ಹ್ಯಾರೋ ಹಿರಿಯ · 28 ಮಾರ್ಚ್, ರಾತ್ರಿ 10:44

ನನಗಂತೂ ಆಗುವುದಿಲ್ಲ. ಒಪ್ಪಂದ ಬಿದ್ದರೆ ಮೇ ಅವರು ಹೆಚ್ಚು ದಿನ ಉಳಿಯುವುದಿಲ್ಲ. ಬೆನ್ನೆಲುಬಿರುವ ಬೇರೊಬ್ಬರು ಬರುತ್ತಾರೆ, ಬ್ರಸೆಲ್ಸಿಗೆ ಹೋಗಿ ಬ್ಯಾಕ್‌ಸ್ಟಾಪ್ ತೆಗೆಸುತ್ತಾರೆ. ಕಾಯುವುದಕ್ಕೆ ನಾನು ಸಿದ್ಧ.

ರೆಡಿಂಗ್ ರಾಯ · 28 ಮಾರ್ಚ್, ರಾತ್ರಿ 10:47

ಎಂಟೆಕ್, ಓದಿದೆಯಾ? ಸರ್ ಬಾಯಿಬಿಟ್ಟೇ ಹೇಳಿದ್ದಾರೆ. ಅವರ ಲೆಕ್ಕದಲ್ಲಿ ನಿನ್ನ ಮತ ಅವರಿಗೆ ಬಡ್ಡಿಯಿಲ್ಲದ ಸಾಲ.

ಎಡಿನ್‌ಬರೋ ಎಂಟೆಕ್ · 28 ಮಾರ್ಚ್, ರಾತ್ರಿ 11:02

ಅದು ಸರಿಯಲ್ಲ ರಾಯರೇ. ಕೆಟ್ಟದ್ದಕ್ಕೆ ಹೆದರಿ ಅರೆಕೆಟ್ಟದ್ದಕ್ಕೆ ಹೂಂ ಅನ್ನಿ ಅಂತ ಎರಡು ವರ್ಷದಿಂದ ಹೇಳಿ ಹೇಳಿಯೇ ಇಲ್ಲಿಗೆ ತಂದು ನಿಲ್ಲಿಸಿರೋದು. 2017ರ ಫೆಬ್ರವರಿಯಲ್ಲಿ 50ನೇ ವಿಧಿಗೆ 498 ಜನ ಕೈ ಎತ್ತಿದರು. ಎಲ್ಲಿಗೆ ಹೋಗ್ತೀವಿ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ನಾಳೆ ಆ ರಾಜಕೀಯ ಘೋಷಣೆಯನ್ನೂ ಪಕ್ಕಕ್ಕಿಟ್ಟು ಮತ ಹಾಕಿಸ್ತಿದ್ದಾರೆ. ಅಂದರೆ ಇನ್ನೊಂದು ಸಲ ಕಣ್ಣುಮುಚ್ಚಿ ಹಾಕಬೇಕು. ಅದೂ ಪ್ರಧಾನಿ ನಾನು ಹೊರಡ್ತೀನಿ ಅಂದಮೇಲೆ. ಮುಂದಿನ ಮಾತುಕತೆ ಮಾಡೋದು ಯಾರು? ಹ್ಯಾರೋ ಅಂಕಲ್‌ಗೆ ಇಷ್ಟವಾದವರೇ ತಾನೆ?

ಕಾನೂನು ಕಟ್ಟೆ · 28 ಮಾರ್ಚ್, ರಾತ್ರಿ 11:20

ಎಂಟೆಕ್ ಅವರ ಈ ಮಾತಿಗೆ ತೂಕವಿದೆ. ಆದರೆ ಮುಂದಿನ ಪ್ರಧಾನಿ ಯಾರಾದರೂ ಆಗಲಿ, ಒಪ್ಪಂದಕ್ಕೆ ಒಮ್ಮೆ ಒಪ್ಪಿಗೆ ಸಿಕ್ಕರೆ ನ್ಯೂರಿ ಸಿಸ್ಟರ್ ಹೇಳಿದ ಗಡಿಯೂ ಜನರ ಹಕ್ಕುಗಳೂ ಅಂತಾರಾಷ್ಟ್ರೀಯ ಒಪ್ಪಂದದ ಬಲದಲ್ಲಿ ನಿಲ್ಲುತ್ತವೆ. ಒಪ್ಪಿಗೆ ಸಿಗದಿದ್ದರೆ ಮುಂದಿನವರು ಅದನ್ನೂ ತಿದ್ದಲು ಕೂರುತ್ತಾರೆ, ಮುಂದಿನ ಸಂಬಂಧವನ್ನೂ ತಾವೇ ಬರೆಯುತ್ತಾರೆ.

ನನ್ನ ಆಯ್ಕೆ ಬೇರೆ. ಲೇಬರ್ ಪಕ್ಷದ ಪೀಟರ್ ಕೈಲ್, ಫಿಲ್ ವಿಲ್ಸನ್ ಹೇಳುತ್ತಿರುವಂತೆ ಒಪ್ಪಂದಕ್ಕೆ ಒಪ್ಪಿಗೆ ಕೊಡಬೇಕು, ಆದರೆ ಜನ ಅದನ್ನು ಮತದಲ್ಲಿ ಖಚಿತಪಡಿಸಿದರೆ ಮಾತ್ರ ಜಾರಿ ಎಂಬ ಷರತ್ತು ಹಾಕಬೇಕು. 2016ರಲ್ಲಿ ಜನರ ಮುಂದೆ ಹೊರಬರುವ ದಾರಿಯ ನಕ್ಷೆ ಇರಲಿಲ್ಲ, ಈಗ 585 ಪುಟದ್ದು ಇದೆ. ನಾಳೆಯ ಪ್ರಸ್ತಾಪದಲ್ಲಿ ಆ ಷರತ್ತಿಲ್ಲ, ಹಾಗಾಗಿ ನಾಳೆಗೆ ನನ್ನ ಉತ್ತರ ಬೇಡ.

ಇನ್ನೊಂದು ಮಾತು. ರಾಯರು ಸಂಸದರಿಗೆ "ಹೀಗೆ ಹಾಕಿ" ಎಂದು ಬರೆಯುವಾಗ, ಅವರು ಕ್ಷೇತ್ರದ ಆಳಲ್ಲ ಎಂಬ ವಾದವೂ ಇಲ್ಲಿ ಬಹಳ ಹಳೆಯದು. 1774ರಲ್ಲಿ ಎಡ್ಮಂಡ್ ಬರ್ಕ್ ಬ್ರಿಸ್ಟಲ್ ಮತದಾರರ ಎದುರೇ ನಿಂತು, ನಿಮಗೆ ನನ್ನ ದುಡಿಮೆಯಷ್ಟೇ ಅಲ್ಲ, ನನ್ನ ವಿವೇಕವೂ ಸಲ್ಲಬೇಕು ಎಂಬ ಅರ್ಥದ ಮಾತಾಡಿದ್ದ. ಆರು ವರ್ಷದ ನಂತರ ಆ ಕ್ಷೇತ್ರದಲ್ಲಿ ಅವನಿಗೆ ಜಾಗ ಉಳಿಯಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಹುಬ್ಬಳ್ಳಿ ಹೈದ · 28 ಮಾರ್ಚ್, ರಾತ್ರಿ 11:48

ನಾ ಸ್ವಿಂಡನ್‌ದಾಗ ಇರಾಂವ. ಎಲ್ಲಾರೂ ದೊಡ್ಡ ದೊಡ್ಡ ಮಾತು ಮಾತಾಡೀರಿ, ನಾ ಸಣ್ಣದೊಂದು ಹೇಳ್ತೀನಿ, ಕೇಳ್ರಿ.

ನಮ್ಮ ಬಾಜೂ ಮನಿಯವರು ಗೋವಾದವ್ರು. ಈ ಊರಾಗ ಗೋವಾದ ಮಂದಿ ಭಾಳ ಅದಾರ. ಅವ್ರ ಕಡೆ ಪೋರ್ಚುಗೀಸ್ ಪಾಸ್‌ಪೋರ್ಟ್ ಐತಿ, ಯಾಕಂದ್ರ 1961ರ ಮೊದ್ಲ ಗೋವಾದಾಗ ಹುಟ್ಟಿದವ್ರಿಗೆ, ಅವ್ರ ಮಕ್ಕಳು ಮೊಮ್ಮಕ್ಕಳಿಗೆ ಪೋರ್ಚುಗಲ್ ಪೌರತ್ವ ಕೊಡ್ತೈತಿ. ಲಿಸ್ಬನ್ ಎಲ್ಲೈತಿ ಅಂದ್ರ ಮ್ಯಾಪ್‌ನಾಗ ಹುಡುಕ್ತಾರ, ಖರೆ ಕಾಗದದ ಮ್ಯಾಲೆ ಯೂರೋಪಿಯನ್ನರು. ನಮ್ಮ ಕಾರವಾರದ ಮಂದಿಗಿಂತ ಹತ್ತು ಮೈಲಿ ಆಚೀಗೆ ಹುಟ್ಟಿದವ್ರು, ಅಷ್ಟ ಫರಕ.

2016ರಾಗ ನಂದು ಇಂಡಿಯನ್ ಪಾಸ್‌ಪೋರ್ಟ್, ವರ್ಕ್ ವೀಸಾ, ಬಂದು ವರ್ಷ ಸುದ್ದಾ ಆಗಿರಲಿಲ್ಲ. ಕಾಮನ್‌ವೆಲ್ತ್ ದೇಶದಾಂವ ಅಂತ ನಂಗ ವೋಟ್ ಇತ್ತು! ಹದಿನೈದು ವರ್ಷದಿಂದ ಇಲ್ಲೇ ದುಡಿದು ಟ್ಯಾಕ್ಸ್ ಕಟ್ಟಿದ ಬಾಜೂ ಮನಿ ಆಂಟಿಗೆ ಇರಲಿಲ್ಲ. ಅವ್ರ ಜೀವನದ ಬಗ್ಗೆ ನಾ ವೋಟ್ ಹಾಕಿ ಬಂದೆ, ಅವ್ರು ನನ್ನ ಮಗೂನ್ನ ನೋಡ್ಕೊಂಡ್ರು. ಹೊಂಡಾ ಫ್ಯಾಕ್ಟರಿ 2021ಕ್ಕ ಬಂದ್ ಅಂತ ಹೋದ ತಿಂಗಳ ಹೇಳ್ಯಾರ, 3,500 ಮಂದಿ. ಬ್ರೆಕ್ಸಿಟ್ ಕಾರಣ ಅಲ್ಲ ಅಂತ ಕಂಪನಿ ಹೇಳತೈತಿ, ಇರ್ಲಿ. ಖರೆ ಆಂಟಿ ಕೇಳೂದು ಒಂದ ಪ್ರಶ್ನೆ: ನಾ ಇಲ್ಲಿರಬೌದೋ ಇಲ್ಲೋ? ಸರಕಾರ ಹೂಂ ಅಂತೈತಿ, ಆದ್ರ ಸರಕಾರದ ಬಾಯಿಮಾತು ಬ್ಯಾರೆ, ಎರಡೂ ಕಡೆ ಸಹಿ ಆದ ಕಾಗದ ಬ್ಯಾರೆ. ಅದಕ್ಕ ನಂದೂ ಹೌದು.

ಹ್ಯಾರೋ ಹಿರಿಯ · 29 ಮಾರ್ಚ್, ಬೆಳಗ್ಗೆ 6:50

ಹುಬ್ಬಳ್ಳಿಯವರೇ, ನಿಮ್ಮ ನೆರೆಯವರ ಮೇಲೆ ನನಗೆ ದ್ವೇಷವಿಲ್ಲ. ಇನ್ನೊಂದು ಮನೆಯ ಕತೆಯನ್ನೂ ಕೇಳಿ. ನನ್ನ ತಂಗಿಯ ಮಗಳು ಮೈಸೂರಿನಲ್ಲಿ ಓದಿದ ವೈದ್ಯೆ. ಇಲ್ಲಿನ ಆಸ್ಪತ್ರೆ ಅವಳನ್ನು ಆಯ್ಕೆ ಮಾಡಿತ್ತು, ವೀಸಾ ಕೋಟಾ ಮುಗಿದಿದೆ ಎಂದು ತಿಂಗಳುಗಟ್ಟಲೆ ಕಾಯಿಸಿದರು. ಕಳೆದ ಜುಲೈನಲ್ಲಿ ವೈದ್ಯರನ್ನು ಕೋಟಾದಿಂದ ಹೊರಗಿಟ್ಟ ಮೇಲಷ್ಟೇ ದಾರಿ ಬಿಟ್ಟಿತು. ಈಗ ಆರೋಗ್ಯ ಸರ್‌ಚಾರ್ಜ್ ಬೇರೆ ವರ್ಷಕ್ಕೆ 200 ಪೌಂಡ್ ಇದ್ದದ್ದು ಜನವರಿಯಿಂದ 400. ಯೂರೋಪಿನಿಂದ ಬರುವ ಯಾರಿಗೂ ಇದಾವುದೂ ಇಲ್ಲ. ಎಲ್ಲರಿಗೂ ಒಂದೇ ಸಾಲು ಇರಲಿ ಎಂದು ಕೇಳುವುದು ತಪ್ಪೇ?

ಹುಬ್ಬಳ್ಳಿ ಹೈದ · 29 ಮಾರ್ಚ್, ಬೆಳಗ್ಗೆ 7:15

ತಪ್ಪಲ್ರೀ ಸರ್. ಖರೆ ಒಂದ ಸಾಲು ಮಾಡ್ತೀನಿ ಅಂದಾಂವ ನಮ್ಮನ್ನ ಅವ್ರ ಸಾಲಿಗೆ ತರ್ತಾನೋ, ಅವ್ರನ್ನ ನಮ್ಮ ಸಾಲಿಗೆ ದಬ್ತಾನೋ? ಆ 400 ಪೌಂಡ್ ಹಾಕಿದ್ದೂ, ಕೋಟಾ ಇಟ್ಟದ್ದೂ ಬ್ರಸೆಲ್ಸ್ ಅಲ್ಲ. ಇಲ್ಲೀ ಹೋಮ್ ಆಫೀಸ್, ಅಂದ್ರ ಗೃಹ ಇಲಾಖೆ. ಆರು ವರ್ಷ ಅಲ್ಲಿ ಮಂತ್ರಿ ಇದ್ದವ್ರು ಯಾರು? ಇದ ಮೇ ಅಲ್ಲೇನ್ರೀ?

ಹ್ಯಾರೋ ಹಿರಿಯ · 29 ಮಾರ್ಚ್, ಬೆಳಗ್ಗೆ 7:22

ಅದಕ್ಕೇ ಅವರ ಒಪ್ಪಂದವನ್ನೂ ನಂಬುತ್ತಿಲ್ಲ ಎನ್ನುತ್ತಿರುವುದು!

ಬಸವನಗುಡಿ ಬಾಲ್ಕನಿ · 29 ಮಾರ್ಚ್, ಬೆಳಗ್ಗೆ 7:40

ಭಾರತ ಮೂಲದ ಸಂಸದರೇ ಒಂದು ದಿಕ್ಕಿಗಿಲ್ಲ ಬಿಡಿ. ರಿಷಿ ಸುನಕ್ ಲೀವ್‌ನವರು, ಎರಡು ಸಲವೂ ಮೇ ಒಪ್ಪಂದಕ್ಕೆ ಹೌದು. ಪ್ರೀತಿ ಪಟೇಲ್ ಲೀವ್, ಎರಡು ಸಲವೂ ಬೇಡ. ಸುಯೆಲಾ ಬ್ರಾವರ್‌ಮನ್ ಈ ಒಪ್ಪಂದ ನೋಡಿಯೇ ನವೆಂಬರಿನಲ್ಲಿ ಮಂತ್ರಿಗಿರಿ ಬಿಟ್ಟವರು. ಅವರ ತಂದೆಯ ಕಡೆ ಮೂಲ ಗೋವಾ! ಹುಬ್ಬಳ್ಳಿಯವರೇ, ನಿಮ್ಮ ಬಾಜೂ ಮನೆ ಆಂಟಿಗೆ ಇದನ್ನ ಹೇಳಬೇಡಿ.

ಥೇಮ್ಸ್ ಆಚೆ ದಡದಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆಯಲ್ಲ, ಪಾರ್ಲಿಮೆಂಟ್ ಕಡೆ. ಅಲ್ಲಿಂದ ಏನಾದರೂ ಸಂದೇಶ?

ನಿರ್ವಾಹಕ · 29 ಮಾರ್ಚ್, ಬೆಳಗ್ಗೆ 7:55

ಬಸವಣ್ಣನವರನ್ನು ಬ್ರೆಕ್ಸಿಟ್‌ಗೆ ಎಳೆಯಬೇಡಿ. ಹೋದ ತಿಂಗಳು ಅದೇ ಆಗಿ ಮೂರು ಎಳೆ ಬಂದ್ ಮಾಡಬೇಕಾಯಿತು. ಹಾಗೇ ವೀಸಾ ದೂರುಗಳಿಗೆ ಬೇರೆ ಎಳೆ ಇದೆ.

ರೆಡಿಂಗ್ ರಾಯ · 29 ಮಾರ್ಚ್, ಮಧ್ಯಾಹ್ನ 2:50

286–344. ಬಿತ್ತು. 58 ಮತ ಕಡಿಮೆ.

ಲೀವ್ ಕಡೆಯ ಮುಂದಾಳುಗಳಾದ ಬೋರಿಸ್ ಜಾನ್ಸನ್, ರೀಸ್-ಮಾಗ್ ಇಬ್ಬರೂ ಈ ಸಲ ಹೌದು ಅಂದರು. ಆದರೂ ಮೇ ಅವರದೇ ಕನ್ಸರ್ವೇಟಿವ್ ಪಕ್ಷದ 34 ಜನ ಒಪ್ಪಲಿಲ್ಲ, ಡಿಯುಪಿಯ ಹತ್ತೂ ಇಲ್ಲ. ಲೇಬರ್‌ನಿಂದ ಬಂದಿದ್ದು ಐದೇ. ಇವತ್ತು ರಾತ್ರಿ 11 ಗಂಟೆಗೆ ಹೊರಗೆ ಹೋಗ್ತೀವಿ ಅಂತ ಎರಡು ವರ್ಷದಿಂದ ಹೇಳ್ತಿದ್ದ ದಿನ ಇದು.

ನಮ್ಮ ಸಂಸದರ ಕಚೇರಿಯಿಂದ ಆಟೋಮ್ಯಾಟಿಕ್ ಉತ್ತರ ಬಂದಿದೆ: ಇಮೇಲ್‌ಗಳು ಬಹಳ ಬರುತ್ತಿರುವುದರಿಂದ ತಡವಾಗಬಹುದು.

ಎಡಿನ್‌ಬರೋ ಎಂಟೆಕ್ · 29 ಮಾರ್ಚ್, ಮಧ್ಯಾಹ್ನ 3:05

ಇನ್ನೂ ಬಾಗಿಲು ತೆಗೆದಿದೆ!! ಸೋಮವಾರ ಮತ್ತೆ ಆಯ್ಕೆಗಳ ಮತ ಇದೆ.

ನ್ಯೂರಿ ನರ್ಸ್ · 29 ಮಾರ್ಚ್, ರಾತ್ರಿ 9:30

ನಿಮಗೆ ತೆಗೆದಿದೆ. ಇಲ್ಲಿ ಜನ ಏಪ್ರಿಲ್ 12ರ ಮೇಲೆ ಡಂಡಾಕ್‌ಗೆ ಹೋಗಲಿಕ್ಕೆ ಗ್ರೀನ್ ಕಾರ್ಡ್ (ಕಾರ್ ಇನ್ಶೂರೆನ್ಸ್ ಬೇರೆ ದೇಶದಲ್ಲೂ ಉಂಟು ಅಂತ ತೋರಿಸುವ ಕಾಗದ) ಬೇಕಾ ಅಂತ ಕೇಳಲಿಕ್ಕೆ ಶುರು ಮಾಡಿದ್ದಾರೆ.

ರೆಡಿಂಗ್ ರಾಯ · 2 ಏಪ್ರಿಲ್, ಬೆಳಗ್ಗೆ 8:12

ನಿನ್ನೆ ರಾತ್ರಿ ಕನ್ಸರ್ವೇಟಿವ್ ಸಂಸದ ಕೆನ್ ಕ್ಲಾರ್ಕ್ ತಂದ ಕಸ್ಟಮ್ಸ್ ಯೂನಿಯನ್ (ಒಕ್ಕೂಟದ ಜೊತೆ ಒಂದೇ ಸುಂಕ) ಪ್ರಸ್ತಾಪ: 273–276. ಮೂರೇ ಮೂರು ಮತ! ಎಂಟೆಕ್, ನಿಮ್ಮ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರು ಅದಕ್ಕೆ ಮತವನ್ನೇ ಹಾಕಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ. ಎರಡೂ ದೊಡ್ಡ ಪಕ್ಷಗಳಿಂದ ಸಿಡಿದು ಬಂದ ಇಂಡಿಪೆಂಡೆಂಟ್ ಗ್ರೂಪ್‌ನ ರಿಮೇನ್ ಕಲಿಗಳೂ ಕೈ ಕೊಟ್ಟರು. ಎರಡನೇ ಜನಮತಕ್ಕೆ 280–292. ಅದೂ ಹೋಯಿತು. ಕನ್ಸರ್ವೇಟಿವ್ ಸಂಸದ ನಿಕ್ ಬೋಲ್ಸ್ ಅಲ್ಲೇ ನಿಂತು, ನನ್ನ ಪಕ್ಷ ರಾಜಿಗೆ ಒಪ್ಪಲ್ಲ ಅಂತ ಹೇಳಿ ಪಕ್ಷ ಬಿಟ್ಟು ನಡೆದರು.

ಸರಕಿಗೆ ಚೆಕ್‌ಪೋಸ್ಟ್ ಕಡಿಮೆ ಮಾಡೋ ದಾರಿ ಮೂರು ಮತದಲ್ಲಿ ಹೋಯಿತು. ಅದನ್ನ ಬೀಳಿಸಿದ್ದು ಬರೀ ಹ್ಯಾರೋ ಸರ್ ಕಡೆಯವರಲ್ಲ.

ಎಡಿನ್‌ಬರೋ ಎಂಟೆಕ್ · 2 ಏಪ್ರಿಲ್, ಬೆಳಗ್ಗೆ 8:40

ಕಸ್ಟಮ್ಸ್ ಯೂನಿಯನ್‌ನಲ್ಲಿ ಜನರ ಓಡಾಟದ ಸ್ವಾತಂತ್ರ್ಯ ಇಲ್ಲ, ಏಕ ಮಾರುಕಟ್ಟೆ ಇಲ್ಲ. ನನ್ನ ಲ್ಯಾಬ್‌ನಲ್ಲಿ ಅರ್ಧ ಜನ ಯೂರೋಪಿನವರು, ಅವರಿಗೆ ಅದರಿಂದ ಏನೂ ಸಿಗಲ್ಲ. ಏಕ ಮಾರುಕಟ್ಟೆ ಇರೋ ಕಾಮನ್ ಮಾರ್ಕೆಟ್ 2.0ಗೆ ಎಸ್‌ಎನ್‌ಪಿ ಹಾಕಿದೆ, ಅದನ್ನ ಯಾಕೆ ಹೇಳಲ್ಲ? 261–282ರಲ್ಲಿ ಸೋತಿದ್ದು ಅವರಿಂದ ಅಲ್ಲ.

ರೆಡಿಂಗ್ ರಾಯ · 2 ಏಪ್ರಿಲ್, ಬೆಳಗ್ಗೆ 8:51

ಹಾಕಿದ್ದಾರೆ, ಒಪ್ಪಿದೆ. ಆದರೆ ಮೊದಲನೇದು ಸಿಗಲ್ಲ ಅಂತ ಗೊತ್ತಾದ ಮೇಲೂ ಎರಡನೇದಕ್ಕೆ ಕೈ ಎತ್ತದವರು ಮೂರನೇದಕ್ಕೆ ಸಿದ್ಧರಾಗಿರಬೇಕು. ಮೂರನೇದು ಏನು ಅನ್ನೋದನ್ನ ಹ್ಯಾರೋ ಸರ್ ಗುರುವಾರ ರಾತ್ರಿಯೇ ಇಲ್ಲಿ ಬರೆದಿದ್ದಾರೆ: ಹೊಸ ಪ್ರಧಾನಿ, ಹೊಸ ಒಪ್ಪಂದ, ಇನ್ನೂ ದೂರ. ನನಗೆ ಅವರ ಅಭಿಪ್ರಾಯ ಒಪ್ಪಿಗೆ ಇಲ್ಲ, ಆದರೆ ಈ ಎಳೆಯಲ್ಲಿ ತನ್ನ ಬೇಡದ ಮುಂದೆ ಏನಿದೆ ಅಂತ ತಿಳಿದು ಬೇಡ ಅಂದವರು ಅವರೊಬ್ಬರೇ.

ಹ್ಯಾರೋ ಹಿರಿಯ · 2 ಏಪ್ರಿಲ್, ರಾತ್ರಿ 8:05

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ, ಇರಲಿ. ಈಗಷ್ಟೇ ಪ್ರಧಾನಿ ಬಂದು ಇನ್ನೂ ಸಮಯ ಕೇಳುತ್ತೇನೆ, ಲೇಬರ್ ನಾಯಕ ಕಾರ್ಬಿನ್ ಜೊತೆ ಕೂತು ಮಾತಾಡುತ್ತೇನೆ ಎಂದರು. ಗಡುವು ಉದ್ದವಾದರೆ ಮೇ ತಿಂಗಳಲ್ಲಿ ಯೂರೋಪಿಯನ್ ಪಾರ್ಲಿಮೆಂಟಿಗೆ ಚುನಾವಣೆ ಮಾಡಬೇಕಾಗುತ್ತದಂತೆ. ಹೊರಹೋಗುವ ದೇಶ ಒಳಗಿನ ಸಭೆಗೆ ಆಯ್ಕೆ ಮಾಡುವುದು! ಕಾನೂನು ಕಟ್ಟೆಯವರೇ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಮ್ಮ ಹುಡುಗರಿಗೆ ಅದರಲ್ಲಿ ಮತ ಉಂಟೇ?

ಕಾನೂನು ಕಟ್ಟೆ · 2 ಏಪ್ರಿಲ್, ರಾತ್ರಿ 8:30

ಇದೆ. ಕಾಮನ್‌ವೆಲ್ತ್ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದು ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಯೂರೋಪಿಯನ್ ಪ್ರಜೆಗಳಿಗೂ ಈ ಚುನಾವಣೆಯಲ್ಲಿ ಇದೆ, ಆದರೆ ತಮ್ಮ ದೇಶದಲ್ಲಿ ಹಾಕುವುದಿಲ್ಲ ಎಂದು ಒಂದು ಘೋಷಣಾ ಪತ್ರ ಬೇರೆ ತುಂಬಿಕೊಡಬೇಕು. ಹುಬ್ಬಳ್ಳಿಯವರು ನೆರೆಮನೆಯವರಿಗೆ ಹೇಳಿದರೆ ಒಳ್ಳೆಯದು. ಅದು ಗೊತ್ತಿಲ್ಲದೆ ಹೋದರೆ ಮತಗಟ್ಟೆಯಿಂದ ವಾಪಸ್ ಬರಬೇಕಾದೀತು.

ಹುಬ್ಬಳ್ಳಿ ಹೈದ · 2 ಏಪ್ರಿಲ್, ರಾತ್ರಿ 9:20

ಹೇಳ್ತೀನ್ರಿ. ಈಗ ಅವ್ರ ಮನ್ಯಾಗ ಕುಂತೀನಿ. ಯೂರೋಪಿಯನ್ನರು ಇಲ್ಲೇ ಉಳೀಲಿಕ್ಕೆ ಹಾಕೂ ಸೆಟಲ್ಡ್ ಸ್ಟೇಟಸ್ ಅರ್ಜಿ ಶನಿವಾರದಿಂದ ಎಲ್ಲಾರಿಗೂ ಚಾಲೂ ಆಗೈತಿ, 65 ಪೌಂಡ್ ಫೀನೂ ತಗದಾರ. ಖರೆ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡೂ ಆ್ಯಪ್ ಐಫೋನ್‌ದಾಗ ನಡ್ಯಂಗಿಲ್ಲ, ಆಂಡ್ರಾಯ್ಡ್ ಒಂದ. ಅವ್ರ ಮನ್ಯಾಗ ನಾಲ್ಕೂ ಐಫೋನ್. ಅದಕ್ಕ ನನ್ನ ಫೋನ್ ಕೊಟ್ಟೀನಿ. ಪಾಸ್‌ಪೋರ್ಟ್ ಮ್ಯಾಲೆ ಫೋನ್ ಇಟ್ಟು ಅಲುಗಾಡಿಸದ ಹಿಡೀಬೇಕು, ಆಂಟಿ ಕೈ ನಡುಗತೈತಿ, ಮೂರು ಸಲ ಫೇಲ್ ಆತು. ಈಗ ಮಗ ಹಿಡದಾನ. ಇದನ್ನ ಅವ್ರ ಲ್ಯಾಪ್‌ಟಾಪ್‌ನಾಗ ಟೈಪ್ ಮಾಡ್ತೀನಿ, ನಾಳಿ ತನಕ ಯಾರೂ ನಂಗ ಫೋನ್ ಮಾಡಬ್ಯಾಡ್ರಿ.